ಸೆಕೆಯ ಸುಗ್ಗಿ

ಬೇರೆ ಊರಿನವರು ಗಾಳಿ ಬೀಸಲೆಂದು ಹರಕೆ ಹೊರುತ್ತಾರೆ, ನಮ್ಮೂರಿನವರು ಸೆಕೆ ಹೆಚ್ಚಲೆಂದು. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಮುಖಕ್ಕೆ ಹಬೆ ರಾಚಿದರೆ ಹೆಂಗಸರು ರುಬ್ಬುವುದನ್ನು ಅರ್ಧಕ್ಕೆ ಬಿಟ್ಟು ಹೊರಗೆ ಬಂದು "ಇವತ್ತು ಒಳ್ಳೇ ದಿನ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಒಂದು ಎಲೆಯೂ ಅಲುಗಾಡದ, ಉಟ್ಟ ಬಟ್ಟೆ ಮೈಗೆ ಅಂಟಿಕೊಂಡು ಬಿಡದ, ಭರಣಿಯಲ್ಲಿಟ್ಟ ಉಪ್ಪು ತಾನೇ ನೀರಾಗುವ ದಿನಗಳು ನಮಗೆ ಸುಗ್ಗಿ. ಅಂಥ ದಿನ ಸೈಕಲ್ಲು ಹತ್ತಿ ಹೊಳೆಯಾಚೆ ಹೋದವರು ಒಂದು ದಿನಕ್ಕೆ ಎರಡು ದಿನದ ದಣಿವು ತರುತ್ತಾರೆ.

ಹೊಳೆಯ ಈಚೆಗೆ ನಮಗೆ ಯಾರಿಗೂ ದಣಿವಾಗುವುದಿಲ್ಲ. ಬಂಡೆ ಹೊತ್ತರೂ ಅಷ್ಟೆ, ಇಡೀ ದಿನ ಬಟ್ಟೆ ಒಗೆದರೂ ಅಷ್ಟೆ. ದಣಿವಿಲ್ಲದ ಮೇಲೆ ನಿದ್ದೆ ಎಲ್ಲಿಂದ ಬರಬೇಕು? ಅದಕ್ಕೇ ಮನೆಗೊಂದು ಸೈಕಲ್ಲು, ಸೈಕಲ್ಲಿಗೊಬ್ಬ ಸವಾರ. ದೋಣಿಯಲ್ಲಿ ಹೊಳೆ ದಾಟಿ, ಉಪ್ಪಿನ ಗದ್ದೆಗಳ ನಡುವಿನ ದಾರಿಯಲ್ಲಿ ತಿರುಗುಮರದವರೆಗೆ ತುಳಿದು, ಆ ಮರಕ್ಕೊಂದು ಸುತ್ತು ಹಾಕಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು. ಸವಾರ ಬಂದು ಜಗಲಿಯ ಗೋಡೆಗೆ ಒರಗಿ ಕೂತರೆ ಮನೆಯವರು ಒಬ್ಬೊಬ್ಬರಾಗಿ ಬಂದು ಅವನ ಮಂಡಿಯ ಮೇಲೆ ಅಂಗೈ ಇಟ್ಟು ತಮ್ಮ ತಮ್ಮ ಪಾಲು ತೆಗೆದುಕೊಂಡು ಹಾಸಿಗೆಗೆ ಹೋಗುತ್ತಾರೆ. ಉಳಿದದ್ದರಲ್ಲಿ ಸವಾರ ಮಲಗುತ್ತಾನೆ. ಮುಟ್ಟಿದವರ ಪಾಲಾಗಿಬಿಡುವ ವಸ್ತುವಾದ್ದರಿಂದ ದಾರಿಯಲ್ಲಿ ಯಾರೂ ಯಾರನ್ನೂ ಮುಟ್ಟುವಂತಿಲ್ಲ. ಆ ಸೆಕೆಯಲ್ಲೂ ನಾವು ತುಂಬುತೋಳಿನ ಅಂಗಿ ತೊಟ್ಟು, ಕೈಗೆ ಕಾಲುಚೀಲ ಹಾಕಿಕೊಂಡು ಹೋಗುತ್ತೇವೆ. ನೋಡಿದವರು ನಗುತ್ತಾರೆ. ನಗಲಿ, ಅವರಿಗೆ ನಿದ್ದೆ ಪುಕ್ಕಟೆ ಬರುತ್ತದೆ.

ನಮ್ಮ ಮನೆಯಲ್ಲಿ ಇಬ್ಬರೇ, ನಾನು ಮತ್ತು ನನ್ನ ಅಕ್ಕ ಸಾಕಮ್ಮ. ಅಮ್ಮ ಹೋದಾಗ ನನಗೆ ಇನ್ನೂ ಹಾಲುಹಲ್ಲು. ಅಂದಿನಿಂದ ಅಕ್ಕ ಸೈಕಲ್ಲು ತುಳಿದು, ತಂದದ್ದನ್ನೆಲ್ಲ ಮೊದಲು ನನಗೇ ಕೊಟ್ಟು, ತಾನು ಅರೆಗಣ್ಣಲ್ಲಿ ರಾತ್ರಿ ಕಳೆದು ನನ್ನನ್ನು ಬೆಳೆಸಿದಳು. ಮಿಕ್ಕವರು ಅನ್ನ ಹಾಕಿ ಸಾಕುತ್ತಾರೆ, ಇವಳು ನಿದ್ದೆ ಹಾಕಿ ಸಾಕಿದಳು. ಕೊನೆಗೆ ಅವಳ ಮಂಡಿಗಳು ಕೈಕೊಟ್ಟವು, ಸೈಕಲ್ಲು ನನ್ನ ಕೈಗೆ ಬಂತು. ಅಕ್ಕನನ್ನೇ ಹೊಳೆ ದಾಟಿಸಿ ನಾಲ್ಕು ಹೆಜ್ಜೆ ನಡೆಸೋಣವೆಂದರೆ ಮಂಡಿ ಹಿಡಿದುಕೊಂಡು ಕೂತುಬಿಡುತ್ತಾಳೆ. ನೋವು ಬರುತ್ತದೆ, ದಣಿವು ಬರುವುದಿಲ್ಲ. ನೋವಿನಲ್ಲಿ ಯಾರೂ ನಿದ್ದೆ ಮಾಡಿದ್ದನ್ನು ನಾನು ಕಂಡಿಲ್ಲ.

ನನ್ನ ಹೆಸರು ದೇವೀರಮ್ಮ. ಹುಟ್ಟಿನಿಂದಲೇ ಅನುಮಾನದ ಬುದ್ಧಿ. ಮೊಸರು ಹುಳಿಯಾದರೆ ಬೆಕ್ಕಿನ ಮೇಲೆ ಸಂಶಯಪಡುವವಳು ನಾನು. "ನಮ್ಮ ದೇವೀರಿ ದೇವರಿಗೆ ಕೈ ಮುಗಿದ್ರೂ ಒಂದು ಕಣ್ಣು ಚಪ್ಪಲಿ ಮೇಲೇನೆ" ಎಂದು ಅಕ್ಕ ಬೀದಿಗೆಲ್ಲ ಹೇಳಿ ನಗಿಸುತ್ತಿದ್ದಳು. ಹೇಳಿದರೆ ಹೇಳಲಿ, ನನ್ನ ಚಪ್ಪಲಿ ಇವತ್ತಿನವರೆಗೆ ಒಂದೂ ಕಳೆದಿಲ್ಲ.

ಈ ಬೇಸಿಗೆ ಶುರುವಾದಾಗಿನಿಂದ ನಾನು ತರುವ ದಣಿವು ಕಮ್ಮಿಯಾಗುತ್ತಾ ಬಂತು. ದಾರಿ ಅದೇ, ಬಿಸಿಲು ಅದೇ, ಬೆವರಂತೂ ಹಿಂಡಿದರೆ ಬಿಂದಿಗೆ ತುಂಬುವಷ್ಟು. ಆದರೂ ಸಂಜೆ ಅಕ್ಕ ನನ್ನ ಮಂಡಿಯ ಮೇಲೆ ಕೈ ಇಟ್ಟರೆ ಅವಳಿಗೆ ಸಿಕ್ಕುತ್ತಿದ್ದುದು ಒಂದು ಆಕಳಿಕೆ. ನನ್ನ ಪಾಲನ್ನೂ ಬಿಟ್ಟುಕೊಟ್ಟೆ. ಆಗಲೂ ಎರಡು ಆಕಳಿಕೆ, ಅಷ್ಟೆ. ಅಕ್ಕ ಹರಿಯದ ಸೀರೆಗೂ ತೇಪೆ ಹಾಕುತ್ತಾ ಕೂರತೊಡಗಿದಳು. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಯಾರೋ ದಾರಿಯಲ್ಲಿ ನನ್ನನ್ನು ದೋಚುತ್ತಿದ್ದಾರೆಂದು ನನಗೆ ಖಾತ್ರಿಯಾಯಿತು.

ಆ ದಿನ ಬೆಳಗ್ಗೆ ಅಕ್ಕ ನನ್ನ ನೀರಿನ ಕ್ಯಾನು ತುಂಬಿಸಿ ಮುಚ್ಚಳ ಬಿಗಿಯುತ್ತಾ, ನನ್ನ ಮುಖವನ್ನೇ ನೋಡಿ, "ಅಮ್ಮಾ, ದೇವೀರಿ ಇನ್ನೂ ಎದ್ದಿಲ್ವಾ?" ಎಂದು ಕೇಳಿದಳು.

ನಮ್ಮೂರಲ್ಲಿ ಇದರ ಅರ್ಥ ಗೊತ್ತಿಲ್ಲದವರಿಲ್ಲ. ನಿದ್ದೆಗೆಟ್ಟವರು ಮೊದಲು ಬೇರೆಯವರ ಗುರುತು ಮರೆಯುತ್ತಾರೆ, ಆಮೇಲೆ ತಮ್ಮದು. ತಮ್ಮದನ್ನು ಮರೆತ ಮೇಲೆ ಬಾಗಿಲು ತೆರೆದು ಹೊರಟುಬಿಡುತ್ತಾರೆ. ಹಿಂದಿನ ಬೀದಿಯ ಚೌಡಯ್ಯ ತನ್ನ ಅಂಗಳದಲ್ಲೇ ನಿಂತು ತನ್ನ ಮನೆ ಎಲ್ಲಿದೆಯೆಂದು ಹೋಗುವವರನ್ನೆಲ್ಲ ಕೇಳಿ, ಯಾರೋ ತಮಾಷೆಯೆಂದು ನಕ್ಕಾಗ ಹೊಳೆಯ ಕಡೆ ನಡೆದ. ಅವನ ಟವೆಲ್ಲು ಮಾತ್ರ ಸಿಕ್ಕಿತು. ಆ ಸಂಜೆ ನನ್ನ ಅಕ್ಕ ಮಲಗಲೇಬೇಕಿತ್ತು. ಅಕ್ಕಪಕ್ಕದವರನ್ನು ಕೇಳುವ ಹಾಗಿಲ್ಲ. ಅಕ್ಕಿ ಕೇಳಿದರೆ ಅಕ್ಕಿ ಕೊಟ್ಟಾರು, ಬೆಂಕಿ ಕೇಳಿದರೆ ಬೆಂಕಿ ಕೊಟ್ಟಾರು, ದಣಿವನ್ನು ಮಾತ್ರ ಒಂದು ಮನೆಯಿಂದ ಇನ್ನೊಂದು ಮನೆಗೆ ಯಾರೂ ಕೊಟ್ಟದ್ದಿಲ್ಲ. ಕಳ್ಳನನ್ನು ಈ ದಿನವೇ ಹಿಡಿಯುತ್ತೇನೆ ಎಂದುಕೊಂಡು, ಮನೆಯ ಚಿಲಕವನ್ನು ಹೊರಗಿನಿಂದ ಹಾಕಿಕೊಂಡು ಹೊರಟೆ.

ಸವಾರರು ಜೋಡಿಯಾಗಿಯೇ ಹೋಗಬೇಕೆಂಬುದು ನಮ್ಮೂರ ಪದ್ಧತಿ. ಬೇರೆ ಬೇರೆ ಮನೆಯವರಾಗಿರಬೇಕು, ಒಬ್ಬರು ನೆರಳಿಗೆ ಬಿದ್ದುಕೊಂಡರೆ ಇನ್ನೊಬ್ಬರು ಎಬ್ಬಿಸಬೇಕು. ನನ್ನ ಜೋಡಿ ಉಗ್ರಪ್ಪ. ಹೆಸರಷ್ಟೇ ಉಗ್ರ, ನೊಣ ಓಡಿಸುವುದಕ್ಕೂ ಅದರ ಅಪ್ಪಣೆ ಕೇಳುವವನು. ಹೊಳೆಯಾಚೆ ಎಲ್ಲೋ ದೂರದ ಊರಿನಿಂದ ನಮ್ಮ ಬೀದಿಯ ಚಿಕ್ಕತಾಯಮ್ಮನ ಮಗಳನ್ನು ಕಟ್ಟಿಕೊಂಡು ಮನೆಅಳಿಯನಾಗಿ ಬಂದವನು. ನನಗೂ ಅವನಿಗೂ ಜೋಡಿ ಬಿದ್ದದ್ದು ಈ ಬೇಸಿಗೆಯ ಶುರುವಿನಲ್ಲಿ. ನನ್ನ ದಣಿವು ಸೋರತೊಡಗಿದ್ದೂ ಈ ಬೇಸಿಗೆಯ ಶುರುವಿನಲ್ಲಿ. ಇತ್ತ ಚಿಕ್ಕತಾಯಮ್ಮನ ಗೊರಕೆ ಬಿಸಿಲು ನೆತ್ತಿಗೇರುವವರೆಗೂ ಬೀದಿಗೆಲ್ಲ ಕೇಳುತ್ತಿತ್ತು. "ಅಳಿಯ ಅಂದ್ರೆ ಹಿಂಗಿರ್ಬೇಕು ಕಣ್ರೇ, ತಂದು ಸುರೀತಾನೆ. ನಮಗೆಲ್ಲ ಆಗಿ ನಾಯಿಗೂ ಮಿಗ್ತದೆ" ಎಂದು ಅವಳು ನಲ್ಲಿಯ ಹತ್ತಿರ ಜಂಬ ಕೊಚ್ಚಿದ್ದನ್ನು ಈ ಕಿವಿಯಲ್ಲೇ ಕೇಳಿದ್ದೆ. ಒಂದು ಮನೆಯಲ್ಲಿ ಬತ್ತಿದ್ದು ಇನ್ನೊಂದು ಮನೆಯಲ್ಲಿ ಉಕ್ಕಿದರೆ ಅದು ಎಲ್ಲಿಂದ ಎಲ್ಲಿಗೆ ಹರಿಯಿತೆಂದು ಹೇಳಲು ಶಾನುಭೋಗರು ಬರಬೇಕೆ? ಮುಟ್ಟದೆ ಹೇಗೆ ಕದಿಯುತ್ತಾನೆ ಎಂಬುದೊಂದೇ ನನಗೆ ಹೊಳೆಯದೆ ಉಳಿದಿತ್ತು.

ದೋಣಿಯ ಹುಚ್ಚಯ್ಯನ ಮೇಲೂ ನನಗೆ ಒಂದು ಕಣ್ಣಿತ್ತು. ನಮ್ಮೂರಿನವನಾಗಿಯೂ ಮಟಮಟ ಮಧ್ಯಾಹ್ನ ದೋಣಿಯಲ್ಲೇ ಕಾಲು ಚಾಚಿ ನಿದ್ದೆ ಹೊಡೆಯುವ ಪ್ರಾಣಿ ಅವನೊಬ್ಬನೇ. ಆ ಬೆಳಗ್ಗೆ ದೋಣಿಯಲ್ಲಿ ಅವನಿಗೂ ನನಗೂ ನಡುವೆ ಸೈಕಲ್ಲನ್ನು ಅಡ್ಡ ಇಟ್ಟುಕೊಂಡು ಕೂತೆ.

"ಯಾಕವ್ವಾ, ಹಂಗೆ ದುರುಗುಟ್ಕಂಡು ನೋಡ್ತೀಯ?" ಎಂದ.

"ನಿನಗೆ ಇಷ್ಟೊಂದು ನಿದ್ದೆ ಎಲ್ಲಿಂದ ಬರ್ತದೆ ಅಂತ ನೋಡ್ತಿದೀನಿ."

ಹುಚ್ಚಯ್ಯ ಹಲ್ಲು ಬಿಟ್ಟ. "ನಿಮ್ಮದು ನಂಗ್ಯಾಕೆ ತಾಯಿ? ಈಚೆ ಅರ್ಧ ಹೊಳೇಲಿ ಏನೂ ಆಗಲ್ಲ. ಆಚೆ ಅರ್ಧಕ್ಕೆ ಬತ್ತಿದ್ದಂಗೆ ಬೆನ್ನು ಹಿಡ್ಕತದೆ. ದಿನಕ್ಕೆ ಎಷ್ಟು ಸಲ ಹೋಗಿ ಬತ್ತೀನಿ ಲೆಕ್ಕ ಹಾಕು. ನಂದೇ ನಂಗೆ ಹೆಚ್ಚು." ನಡುಹೊಳೆ ದಾಟಿದ ಕೂಡಲೇ ಅವನು ನಿಜವಾಗಿಯೂ ಮುಲುಗಿದ. ಒಬ್ಬನನ್ನು ಪಟ್ಟಿಯಿಂದ ಹೊಡೆದು ಹಾಕಿದೆ. ಉಗ್ರಪ್ಪ ದೋಣಿಯ ಮೂತಿಯಲ್ಲಿ ಕೂತು, ಕೈಯ ಕಾಲುಚೀಲ ಸರಿಮಾಡಿಕೊಳ್ಳುತ್ತಾ ನೀರು ನೋಡುತ್ತಿದ್ದ.

ಹೊಳೆಯಾಚೆ ಪೆಡಲು ತುಳಿಯತೊಡಗಿ ಸ್ವಲ್ಪ ಹೊತ್ತಿಗೆ ನನ್ನ ಅಂಗಿ ಬೆನ್ನಿಗೆ ಅಂಟಿತು. ಎರಡೂ ಕಡೆ ಉಪ್ಪಿನ ಗದ್ದೆ, ಕಣ್ಣು ಬಿಡಲಾಗದಷ್ಟು ಬಿಳಿ. ಅಲ್ಲಿಯ ಬೆವರು ಆರುವ ಬೆವರಲ್ಲ. ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಕಣ್ಣಿಗೆ, ಮೂಗಿನ ತುದಿಯಿಂದ ಹ್ಯಾಂಡಲಿಗೆ ಇಳಿಯುತ್ತಲೇ ಇರುತ್ತದೆ. ಕೈಯ ಕಾಲುಚೀಲವನ್ನು ಆಗಾಗ ಹಿಂಡಿ ಮತ್ತೆ ಹಾಕಿಕೊಳ್ಳಬೇಕು. ಬಯಲು ಬಿಚ್ಚಿಕೊಂಡ ಮೇಲೆ ಎದುರುಗಾಳಿಯೂ ಶುರುವಾಯಿತು. ಗಾಳಿ ಎಂದು ಮರ್ಯಾದೆಗೆ ಕರೆಯಬೇಕು, ಒಲೆಯ ಬಾಯಿಂದ ಬಂದ ಹಾಗಿತ್ತು. ಇಷ್ಟೆಲ್ಲ ಇದ್ದೂ ನನ್ನ ಕಾಲು ಸಲೀಸಾಗಿ ತಿರುಗುತ್ತಿತ್ತು. ಸೈಕಲ್ಲು ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತಿತ್ತು. ದಣಿವು ಹುಟ್ಟುವ ಮೊದಲೇ ಯಾರೋ ಚಿವುಟಿ ಎತ್ತಿಕೊಂಡು ಹೋಗುತ್ತಿದ್ದ ಹಾಗಿತ್ತು.

ಉಗ್ರಪ್ಪ ಯಾವಾಗಲೂ ಮುಂದೆ ಹೋಗುವವನು. ನಾನು ನಿಧಾನ ಮಾಡಿದರೆ ಅವನೂ ನಿಧಾನ. ನಾನು ಪಕ್ಕಕ್ಕೆ ಸರಿದರೆ ಅವನೂ ಸರಿದು ನನ್ನ ಮುಂದಕ್ಕೇ ಬರುತ್ತಿದ್ದ. ಮಾತು ಮಾತಿಗೆ ಹಿಂತಿರುಗಿ ನೋಡಿ ಕರೆಯುತ್ತಿದ್ದ. "ಅಕ್ಕಾ, ಹತ್ರಕ್ಕೆ ಬನ್ನಿ. ನನ್ನ ಚಕ್ರದ ಹಿಂದೇನೆ ಬನ್ನಿ."

"ಯಾಕೆ? ನಿನ್ನ ಚಕ್ರದ ಹಿಂದೆ ಏನು ಪ್ರಸಾದ ಹಂಚ್ತಾರಾ?"

"ಹಂಗಲ್ಲಕ್ಕಾ…" ಎಂದು ಹುಳಿನಗೆ ನಕ್ಕು ಮುಂದಕ್ಕೆ ತುಳಿದ. ಕಳ್ಳನಲ್ಲದಿದ್ದರೆ ಹತ್ತಿರಕ್ಕೆ ಯಾಕೆ ಕರೆಯಬೇಕು? ನಾನು ಬೇಕೆಂದೇ ಹಿಂದೆ ಬಿದ್ದೆ. ಸ್ವಲ್ಪ ಹೊತ್ತಿನಲ್ಲಿ ನೋಡಿದರೆ ಅವನ ಹಿಂದಿನ ಚಕ್ರ ಮತ್ತೆ ನನ್ನ ಮುಂದಿನ ಚಕ್ರದ ಎದುರಿಗೇ ಇತ್ತು.

ಅರ್ಧ ದಾರಿಯಲ್ಲಿ ಈರಜ್ಜಿಯ ಸೋಡಾ ಅಂಗಡಿ ಸಿಗುತ್ತದೆ. ಅಜ್ಜಿ ಆಚೆ ಕಡೆಯವಳು, ನಮ್ಮ ಪದ್ಧತಿ ಬಲ್ಲವಳು. ಸೋಡಾವನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುತ್ತಾಳೆ, ನಾವು ಎತ್ತಿಕೊಳ್ಳುತ್ತೇವೆ. ಉಗ್ರಪ್ಪ ಚಪ್ಪರದ ನೆರಳಿಗೆ ಕೈ ತೋರಿಸಿ, "ಒಂದು ಗಳಿಗೆ ಕೂತ್ಕೊಳ್ಳಿ ಅಕ್ಕಾ, ಮುಖ ಕೆಂಪಗಾಗಿದೆ. ನಿಮ್ಮ ಕ್ಯಾನು ಇಲ್ಲಿ ಕೊಡಿ, ದಿನಾ ಹಂಗೆ ನನ್ನ ಕ್ಯಾರಿಯರಿಗೇ ಕಟ್ಕೋತೀನಿ" ಎಂದ.

"ನೆರಳೂ ಬೇಡ, ನಿನ್ನ ಉಪಕಾರಾನೂ ಬೇಡ. ಕ್ಯಾನು ಮುಟ್ಟಿದ್ರೆ ನೋಡು!"

ಅಂಗಡಿಯಜ್ಜಿ ನನ್ನನ್ನೂ ಅವನನ್ನೂ ನೋಡಿ, "ಜಗಳ ಆಡಿದ್ರೂ ಸುಸ್ತಾಯ್ತದೆ ಕಣ್ರವ್ವಾ, ಆಡ್ಕಳಿ" ಎಂದಳು. ಉಗ್ರಪ್ಪ ತಲೆ ತಗ್ಗಿಸಿಕೊಂಡು ಸೋಡಾ ಕುಡಿದ. ಅವನ ಅಂಗಿ ನನ್ನದಕ್ಕಿಂತ ಹೆಚ್ಚು ಒದ್ದೆಯಾಗಿತ್ತು, ಹುಬ್ಬಿನ ಮೇಲೆ ಉಪ್ಪು ಗಟ್ಟಿಕಟ್ಟಿತ್ತು. ಎಷ್ಟು ತುಂಬಿಕೊಂಡಿದ್ದಾನೆ ನೋಡು, ಎಂದು ನನ್ನ ಹೊಟ್ಟೆ ಉರಿಯಿತು.

ತಿರುಗುಮರವೆಂದರೆ ಒಂದು ಮುದಿ ಗೋಣಿಮರ. ಅದರ ಬೇರಿನ ಸಂದಿಯಲ್ಲಿ ಆಳು ಅಡಗಿಕೊಂಡರೆ ಹೊರಗಿನವರಿಗೆ ಕಾಣುವುದಿಲ್ಲ. ಸುತ್ತು ಹಾಕಿದ ಮೇಲೆ ಸೈಕಲ್ಲನ್ನು ಮರಕ್ಕೆ ಒರಗಿಸಿ, "ಬಾವಿಗೆ ಹೋಗಿ ತಲೆ ನೆನೆಸ್ಕೊಂಡು ಬರ್ತೀನಿ" ಎಂದು ಗಟ್ಟಿಯಾಗಿ ಹೇಳಿ ಹೊರಟೆ. ಪೊದೆಯ ಹಿಂದಿನಿಂದ ಬಳಸಿ ಬಂದು ಬೇರಿನ ಸಂದಿಯಲ್ಲಿ ಕೂತೆ. ಇರುವೆ ಕಚ್ಚಿದರೂ ಕಮಕ್ ಕಿಮಕ್ ಅನ್ನಲಿಲ್ಲ.

ಉಗ್ರಪ್ಪ ಬಾವಿಯ ಕಡೆ ಒಮ್ಮೆ ನೋಡಿದ. ಕೈಯ ಕಾಲುಚೀಲ ಕಳಚಿದ. ನನ್ನ ಸೈಕಲ್ಲಿನ ಪಕ್ಕ ಮಂಡಿಯೂರಿ ಕೂತು, ಪಂಚೆಯ ಗಂಟಿನಿಂದ ಒಂದು ಪುಟ್ಟ ಸೀಸೆ ತೆಗೆದ. ನನ್ನ ಸೈಕಲ್ಲಿನ ಸರಪಳಿಯ ಕೊಂಡಿ ಕೊಂಡಿಗೂ ಒಂದೊಂದು ತೊಟ್ಟು ಬಿಟ್ಟು, ಪೆಡಲನ್ನು ಕೈಯಲ್ಲಿ ತಿರುಗಿಸಿ, ಅಂಟಿದ ಮರಳನ್ನು ಪಂಚೆಯ ಅಂಚಿನಿಂದ ಒರೆಸಿದ. ಬ್ರೇಕನ್ನು ಸಡಿಲಿಸಿದ. ಆಮೇಲೆ ತನ್ನ ಸೈಕಲ್ಲಿನ ಪಂಪು ಬಿಚ್ಚಿ ತಂದು ಏದುಸಿರು ಬಿಡುತ್ತಾ ನನ್ನ ಚಕ್ರಗಳಿಗೆ ಗಾಳಿ ಹೊಡೆಯತೊಡಗಿದ.

"ಸಿಕ್ಕಿಬಿದ್ಯಾ!" ಎಂದು ನಾನು ಎದುರಿಗೆ ಹಾರಿದ ರಭಸಕ್ಕೆ ಅವನು ಹಿಂದಕ್ಕೆ ಬಿದ್ದ. "ತೋರ್ಸು, ಆ ಸೀಸೇಲಿ ಏನದೆ? ಏನು ಮಾಟ ಮಾಡಿದೀಯ?"

"ಎಣ್ಣೆ ಅಕ್ಕಾ. ಹೊಲಿಗೆ ಮಿಷನ್ನಿಗೆ ಹಾಕೋ ಎಣ್ಣೆ." ಸೀಸೆಯನ್ನು ನೆಲದ ಮೇಲಿಟ್ಟು ಸರಿದ. ಎತ್ತಿ ಮೂಸಿದೆ, ನಾಲಿಗೆಗೆ ಮುಟ್ಟಿಸಿಯೂ ನೋಡಿದೆ. ಹೊಲಿಗೆ ಮಿಷನ್ನಿನ ಎಣ್ಣೆಯೇ.

"ಎಂದಿನಿಂದ ಹಾಕ್ತಿದೀಯ?"

"ನಿಮ್ಮ ಜೊತೆ ಬರೋಕೆ ಶುರು ಮಾಡಿದಾಗಿಂದ. ಮೊದಲ ದಿನ ನೀವು ಏರಿನಲ್ಲಿ ಪಟ್ಟ ಪಾಡು ನೋಡೋಕಾಗ್ಲಿಲ್ಲ. ಸರಪಳಿ ಕಿರ್ರೋ ಅಂತಿತ್ತು, ಟೈರಲ್ಲಿ ಗಾಳಿ ಇರ್ಲಿಲ್ಲ. ನಮ್ಮೂರಲ್ಲಿ ಜೊತೇಲಿರೋರು ಸುಸ್ತಾದ್ರೆ ನೋಡ್ಕೊಂಡು ಸುಮ್ಮನಿರೋದಿಲ್ಲ. ಇಲ್ಲಿ ಮುಟ್ಟೋ ಹಂಗಿಲ್ಲ ಅಂದ್ರು. ಅದಕ್ಕೇ ಮುಟ್ಟದಂಗೆ ಮಾಡಿದೆ. ಮುಂದೆ ಹೋದ್ರೆ ಎದುರುಗಾಳಿ ನನಗೇ ಬಡೀತದೆ, ನಿಮಗೆ ಹಗುರಾಗ್ತದೆ ಅಂತ…"

ಕಳ್ಳತನ ನಡೆದದ್ದು ನಿಜವಾಗಿತ್ತು, ಕಳ್ಳನೂ ನಾನೆಣಿಸಿದವನೇ ಆಗಿದ್ದ. ಅವನನ್ನು ಬೈಯಲು ಬಾಯಿ ತೆರೆದರೆ ಅಳು ಮೊದಲು ಬಂತು.

"ಲೋ ಪುಣ್ಯಾತ್ಮ, ದಣಿವು ನಮಗೆ ಅನ್ನ ಕಣೋ! ಹಸಿದೋರ ತಟ್ಟೆಯಿಂದ ಅನ್ನ ಎತ್ಕೊಂಡು ಹೋಗಿ, ತಟ್ಟೆ ಹಗುರ ಮಾಡ್ದೆ ಅಂತೀಯಲ್ಲ! ನಮ್ಮಕ್ಕ ಇವತ್ತು ಬೆಳಗ್ಗೆ ನನ್ನ ಗುರುತು ಮರೆತ್ಲು. ನನ್ನನ್ನ ಅಮ್ಮಾ ಅಂದ್ಲು."

ಉಗ್ರಪ್ಪನ ಮುಖ ಹುಳ್ಳಗಾಯಿತು. ಊರಿಗೆ ಬಂದು ಇಷ್ಟು ದಿನವಾದ್ದರಿಂದ ಅವನಿಗೆ ಆ ಮಾತಿನ ಅರ್ಥ ಗೊತ್ತಿತ್ತು, ತನ್ನ ಎಣ್ಣೆಸೀಸೆಗೂ ಅದಕ್ಕೂ ಇದ್ದ ನಂಟು ಮಾತ್ರ ಹೊಳೆದಿರಲಿಲ್ಲ. "ನಾನು… ನಿಮಗೆ ಒಳ್ಳೇದಾಗ್ಲಿ ಅಂತ…" ಎಂದವನು ಪಂಪನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ.

ನಾನು ಸರಪಳಿಗೆ ಹಿಡಿ ಹಿಡಿ ಮಣ್ಣು ತುಂಬಿದೆ. ಎರಡೂ ಚಕ್ರದ ಗಾಳಿ ಅರ್ಧಕ್ಕೆ ಇಳಿಸಿದೆ. ಎರಡೂ ಕ್ಯಾನು ನನ್ನ ಕ್ಯಾರಿಯರಿಗೇ ಬಿಗಿದು, "ನೀನು ಹಿಂದೆ ಬಾ" ಎಂದು ಹೊರಟೆ. ಆದರೆ ದೇವರಿಗೂ ಆ ದಿನ ತಮಾಷೆ ಬೇಕಾಗಿತ್ತೆಂದು ಕಾಣುತ್ತದೆ. ಹೋಗುವಾಗ ಎದುರಾಗಿದ್ದ ಗಾಳಿ ಬರುವಾಗ ಬೆನ್ನಿಗೆ ನಿಂತಿತು. ದಾರಿಯೂ ಇಳುಕಲು. ಮೋಡ ಕವಿದು ಬಿಸಿಲೂ ತಗ್ಗಿತು. ತುಳಿಯದಿದ್ದರೂ ಸೈಕಲ್ಲು ಮುಂದಕ್ಕೆ ಓಡುತ್ತಿತ್ತು. ಇಳಿದು ಸೈಕಲ್ಲನ್ನು ಗದ್ದೆಯ ಕೆಸರಿನಲ್ಲಿ ಎಳೆದಾಡಿದೆ, ಮತ್ತೆ ಹತ್ತಿ ಬ್ರೇಕು ಹಿಡಿದುಕೊಂಡೇ ತುಳಿದೆ. ಇಡೀ ಬೇಸಿಗೆ ಸುಖವುಂಡ ಕಾಲುಗಳಿಗೆ ಒಂದು ಮಧ್ಯಾಹ್ನದಲ್ಲಿ ಕಷ್ಟ ಕಲಿಸುವುದು ಹೇಗೆ? ಆಕಳಿಸಿ ನೋಡಿದೆ. ಬಾಯಿ ತೆರೆಯಿತು, ಆಕಳಿಕೆ ಬರಲಿಲ್ಲ.

ಹೊಳೆಯ ದಡದಲ್ಲಿ ದೋಣಿಗೆ ಕಾಯುತ್ತಾ ನಿಂತಾಗ ನನಗೆ ಅಕ್ಕನ ಮುಖವೇ ಕಣ್ಣಿಗೆ ಕಟ್ಟುತ್ತಿತ್ತು. ಉಗ್ರಪ್ಪ ಬಹಳ ಹಿಂದೆ ಬಂದ. ಸೈಕಲ್ಲಿನಿಂದ ಇಳಿದವನಿಗೆ ನಿಲ್ಲಲಾಗಲಿಲ್ಲ, ಮರಳಿನ ಮೇಲೆ ಕೂತುಬಿಟ್ಟ. ತೊಡೆಗಳು ತಾವಾಗಿಯೇ ಅದುರುತ್ತಿದ್ದವು.

"ಅಕ್ಕಾ," ಎಂದ, "ಇದು ನನ್ನದೊಂದೇ ಅಲ್ಲ. ಇದರಲ್ಲಿ ಅರ್ಧ ನಿಮ್ದು. ನಿಮ್ಮ ಮನೆಗೆ ಬರ್ತೀನಿ. ನಿಮ್ಮಕ್ಕ ನನ್ನ ಮಂಡಿ ಮುಟ್ಲಿ."

ನಾನು ಅವನ ಮುಖ ನೋಡಿದೆ. ಇಷ್ಟೆಲ್ಲ ಆದ ಮೇಲೂ ನನ್ನ ಬುದ್ಧಿ ತನ್ನ ಕೆಲಸ ಬಿಡಲಿಲ್ಲ. ಇವನಿಗೆ ಇದರಿಂದ ಏನು ಸಿಗುತ್ತದೆ? ನಾಳೆ ಏನು ಕೇಳುತ್ತಾನೆ? ಒಂಟಿ ಹೆಂಗಸರ ಮನೆಯ ಜಗಲಿಯಲ್ಲಿ ಪರರ ಮನೆಯ ಅಳಿಯ ಕೂತರೆ ಬೀದಿ ಏನನ್ನುತ್ತದೆ? "ನಿಮ್ಮತ್ತೆ?" ಎಂದೆ.

"ಅತ್ತೆ ಒಂದಿನ ಎದ್ದಿರ್ಲಿ ಬಿಡಿ. ಬೀದಿಯೋರಿಗೆ ಗೊರಕೆಯಿಂದ ಬಿಡುವು ಸಿಗ್ತದೆ."

ದೋಣಿ ಬಂದಾಗ ಹುಚ್ಚಯ್ಯನಿಗೆ ಒಂದೇ ಮಾತು ಹೇಳಿದೆ. "ಇವನನ್ನ ಯಾರಾದ್ರೂ ಮುಟ್ಟಿದ್ರೆ ಹುಟ್ಟು ತಗೊಂಡು ಹೊಡಿ. ನೀನು ಮುಟ್ಟಿದ್ರೆ ನಾನು ಹೊಡಿತೀನಿ." ಹುಚ್ಚಯ್ಯ ದೋಣಿಯ ಆ ತುದಿಗೆ ಸರಿದು ನಿಂತೇ ಹುಟ್ಟು ಹಾಕಿದ.

ನಮ್ಮ ಬೀದಿಯ ಮೊದಲ ಮನೆಯೇ ಚಿಕ್ಕತಾಯಮ್ಮನದು. ಹಾಸಿಗೆ ಹಾಸಿ, ಕೈ ತೊಳೆದುಕೊಂಡು ಜಗಲಿಯಲ್ಲಿ ತಯಾರಾಗಿ ಕೂತಿದ್ದಳು. ಅಳಿಯ ಸೈಕಲ್ಲು ತಳ್ಳಿಕೊಂಡು ಮನೆಯ ಮುಂದೆಯೇ ದಾಟಿ ಹೋದದ್ದನ್ನು ಕಂಡು ಎದೆ ಬಡಿದುಕೊಂಡಳು. "ಏ ಉಗ್ರಪ್ಪಾ! ಮನೆ ಇಲ್ಲಿ ಕಣೋ! ಅಯ್ಯೋ, ನನ್ನ ಅಳಿಯ ಮನೆ ಮರೆತ, ಹಿಡ್ಕೊಳ್ರೋ!"

"ಹಿಡಿಯೋದು ಗಿಡಿಯೋದು ಬೇಡಿ!" ಎಂದು ನಾನು ಅವನ ಸೈಕಲ್ಲಿನಿಂದ ಪಂಪು ಕಿತ್ತು ಎತ್ತಿ ಹಿಡಿದೆ. "ಯಾರೂ ಹತ್ರ ಬರಬೇಡಿ!"

"ಮರೆತಿಲ್ಲ ಅತ್ತೆ, ಬಂದೆ" ಎಂದು ಉಗ್ರಪ್ಪ ತಿರುಗಿ ನೋಡದೆ ಹೇಳಿದ. ಇಡೀ ಬೀದಿ ಬಾಗಿಲಿಗೆ ಬಂದು ನಿಂತಿತ್ತು.

ನಮ್ಮ ಮನೆಯ ಬಾಗಿಲ ಚಿಲಕ ಹಾಕಿದಂತೆಯೇ ಇತ್ತು. ಹಿತ್ತಿಲ ಬಾಗಿಲು ಮಾತ್ರ ಹಾರು ಹೊಡೆದು ತೆರೆದಿತ್ತು. ಅಕ್ಕ ಅಂಗಳದ ಗೇಟು ಹಿಡಿದುಕೊಂಡು ನಿಂತಿದ್ದಳು. ತಲೆ ಬಾಚಿ, ತೇಪೆ ಹಾಕಿದ ಸೀರೆ ಉಟ್ಟು, ಎಲ್ಲಿಗೋ ಹೊರಟವಳ ಹಾಗೆ. ನನ್ನನ್ನು ನೋಡಿ ಮರ್ಯಾದೆಯಿಂದ ಕೇಳಿದಳು. "ಇಲ್ಲಿ ಸಾಕಮ್ಮನ ಮನೆ ಯಾವ್ದಮ್ಮ?"

ಚೌಡಯ್ಯನಿಗೆ ನಕ್ಕ ಹಾಗೆ ಈ ಸಲ ಯಾರೂ ನಗಲಿಲ್ಲ. "ಇದೇ. ಬನ್ನಿ, ಒಳಗೆ ಬನ್ನಿ" ಎಂದು ಕೈಹಿಡಿದು ಜಗಲಿಗೆ ಕರೆತಂದೆ. ನನ್ನಲ್ಲಿದ್ದ ಅಷ್ಟಿಷ್ಟು ಅವಳಿಗೆ ದಾಟಿ ಒಂದು ಆಕಳಿಕೆ ಬಂತು. ಉಗ್ರಪ್ಪ ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿಕೊಂಡಿದ್ದ. "ಅಕ್ಕಾ, ಇವನ ಮಂಡಿ ಮೇಲೆ ಕೈ ಇಡು" ಎಂದೆ.

ಅಕ್ಕ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಇವನ್ಯಾರು? ಗುರುತಿಲ್ಲದೋರ ದಣಿವು ನನಗ್ಯಾಕೆ? ಏನು ಬೆರೆಸಿದಾನೋ ಏನೋ. ನೀನ್ಯಾರು ಹೇಳೋಕೆ?"

ಅದು ನನ್ನದೇ ದನಿ. ಇಷ್ಟು ವರ್ಷ ಬೆಕ್ಕಿನ ಮೇಲೆ, ಹಾಲಿನವಳ ಮೇಲೆ, ದೋಣಿಯವನ ಮೇಲೆ ನಾನು ತೆಗೆದ ದನಿ. ಅಕ್ಕ ಎಲ್ಲ ಮರೆತು ಅದೊಂದನ್ನು ಮಾತ್ರ ನೆನಪಿಟ್ಟುಕೊಂಡಿದ್ದಳು. ಎದುರಿಗೆ ಬೀದಿ, ಬೀದಿಯ ತುದಿಯಲ್ಲಿ ಚಿಕ್ಕತಾಯಮ್ಮನ ಅಳು. ಅಕ್ಕನ ಮುಂದೆ ಕುಕ್ಕರುಗಾಲಲ್ಲಿ ಕೂತು ನಾನು ಹುಟ್ಟಿದಾಗಿನಿಂದ ಹೇಳದಿದ್ದ ಮಾತು ಹೇಳಿದೆ.

"ಅಕ್ಕಾ, ನಾನು ನೋಡಿದೀನಿ. ಎಲ್ಲ ಕಡೆಯಿಂದ ನೋಡಿದೀನಿ, ಅಡಗಿ ಕೂತೂ ನೋಡಿದೀನಿ. ಇವನು ಒಳ್ಳೆಯೋನು. ನಂಬು."

ಅಕ್ಕ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ಕೈ ಹೊರತೆಗೆದು ಅವನ ಮಂಡಿಯ ಮೇಲೆ ಇಟ್ಟಳು. ಮೊದಲು ಅವಳ ಹೆಗಲು ಇಳಿಯಿತು, ಆಮೇಲೆ ಕುತ್ತಿಗೆ. ಉಗ್ರಪ್ಪನ ಅದುರುತ್ತಿದ್ದ ತೊಡೆ ನಿಂತಿತು. ಅವಳು ಪಕ್ಕಕ್ಕೆ ವಾಲುವಷ್ಟರಲ್ಲಿ ನಾನು ಮಡಿಲು ಕೊಟ್ಟೆ. ಅವಳು ಕಣ್ಣು ಮುಚ್ಚಿಕೊಂಡೇ, ತೊದಲುತ್ತಾ ಹೇಳಿದಳು. "ದೇವೀರೀ… ಚಪ್ಪಲಿ ಒಳಗಿಟ್ಯೇನೇ?"

"ಇಟ್ಟೆ ಅಕ್ಕಾ" ಎಂದೆ. ಇಟ್ಟಿರಲಿಲ್ಲ. ಚಪ್ಪಲಿಗಳು ಬೀದಿಯಲ್ಲೇ ಎಲ್ಲೋ ಬಿದ್ದಿದ್ದವು. ಅಕ್ಕ ಗೊರಕೆ ಹೊಡೆಯತೊಡಗಿದಳು, ನಾನು ಅಳತೊಡಗಿದೆ. ಉಗ್ರಪ್ಪ ಬೆಳಗ್ಗೆ ಎದ್ದವನಷ್ಟು ಹಗುರಾಗಿ ಎದ್ದು, ಸದ್ದು ಮಾಡದೆ, ಅತ್ತೆಯ ಬೈಗುಳ ತಿನ್ನಲು ಹೋದ.

ಬೆಳಗಾದಾಗಲೂ ಅಕ್ಕ ಎದ್ದಿರಲಿಲ್ಲ. ಬಾಗಿಲು ತೆರೆದರೆ ಮುಖಕ್ಕೆ ಹಬೆ ರಾಚಿತು, ಒಳ್ಳೆಯ ದಿನ. ನನ್ನ ಚಪ್ಪಲಿಗಳನ್ನು ಯಾರೋ ತಂದು ಜೋಡಿಸಿಟ್ಟಿದ್ದರು. ಪಕ್ಕದಲ್ಲಿ ಸೈಕಲ್ಲು ನಿಂತಿತ್ತು. ಎರಡೂ ಚಕ್ರದಲ್ಲಿ ಗಾಳಿ ಅರ್ಧದಷ್ಟು ಮಾತ್ರ ಇತ್ತು. ಸರಪಳಿಯ ಎಣ್ಣೆಯನ್ನು ಸೋಪು ಹಾಕಿ ತೊಳೆದು ಮೇಲೆ ಒದ್ದೆ ಮರಳು ಮೆತ್ತಿದ್ದರು. ಬ್ರೇಕು ಎಷ್ಟು ಬಿಗಿಯಾಗಿತ್ತೆಂದರೆ ಚಕ್ರ ತಿರುಗಲು ಗೋಗರೆಯಬೇಕಿತ್ತು. ಕ್ಯಾರಿಯರಿನ ಮೇಲೆ ಚಿಕ್ಕತಾಯಮ್ಮನ ಮನೆಯ ಒರಳುಕಲ್ಲನ್ನು ಹಗ್ಗದಿಂದ ಬಿಗಿದು, ಜಾರದಂತೆ ಕೆಳಗೆ ಗೋಣಿತಾಟು ಮಡಿಸಿ ಇಟ್ಟಿದ್ದರು.

ಮತ್ತೊಂದು ದಿನವಾಗಿದ್ದರೆ ಬೀದಿಗೆ ಬಂದು ಯಾವನ ಕೆಲಸ ಇದು ಎಂದು ಕೂಗಾಡಿರುತ್ತಿದ್ದೆ. ಬೀದಿಯ ತುದಿಯಲ್ಲಿ ಉಗ್ರಪ್ಪ ಕೈಗೆ ಕಾಲುಚೀಲ ಹಾಕಿಕೊಂಡು ಕಾಯುತ್ತಿದ್ದ. ಹಗ್ಗದ ಗಂಟನ್ನು ಮುಟ್ಟಿಯೂ ನೋಡದೆ ಸೈಕಲ್ಲು ಹತ್ತಿದೆ. ಸರಪಳಿ ಕಿರ್ರೋ ಎಂದು ಅರಚಿತು. ಒಳಗೆ ಅಕ್ಕ ಮಗ್ಗುಲು ಬದಲಿಸಿದ ಸದ್ದು ಕೇಳಿತು, ಎದ್ದ ಸದ್ದಲ್ಲ. ಉಗ್ರಪ್ಪ ಪಕ್ಕಕ್ಕೆ ಸರಿದು, ನನ್ನನ್ನು ಮುಂದಕ್ಕೆ ಬಿಟ್ಟ.